ಕೊರಳಿನ ಅಳತೆ

ಊರಿಗೆಲ್ಲ ಬಂದ ಜ್ವರ ಮನೆಗೆ ಎಷ್ಟು ದುಡ್ಡಿಗೆ ಬಿತ್ತು ಎಂದು ಅತ್ತೆ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಬಾಯಲ್ಲೇ ಲೆಕ್ಕ ಹಾಕಿದರು. ಎರಡು ವಾರ ಅಂಗಡಿ ಬಾಗಿಲು ತೆರೆಯಲಿಲ್ಲ. ಮದುವೆ ಗಂಡೊಬ್ಬ ಕಾದು ಕಾದು, ಅರ್ಧ ಹೊಲಿದಿದ್ದ ಕೋಟನ್ನು ಎದುರು ಬೀದಿಯ ದರ್ಜಿಗೆ ಕೊಟ್ಟ. ಆ ಗಿರಾಕಿ ಇನ್ನು ಈ ಜನ್ಮಕ್ಕೆ ತಿರುಗಿ ಬರುವುದಿಲ್ಲ. ಮಗನ ಮೂಗಿಗೆ ವಾಸನೆ ಹತ್ತದೆ, ಇಸ್ತ್ರಿಪೆಟ್ಟಿಗೆಯ ಅಡಿ ಸೀಯುತ್ತಿದ್ದ ಕೋಟು ಅವನಿಗೆ ತಿಳಿಯಲಿಲ್ಲ. ಅದರ ದಂಡ ಬೇರೆ. ಗಂಡನ ಕೆಮ್ಮಿಗೆ ಔಷಧಿ, ಮನೆಮಂದಿಗೆಲ್ಲ ಮಾತ್ರೆ, ಡಾಕ್ಟರ ಫೀಸು. ಎಲ್ಲ ಕೂಡಿಸಿ ಕಳೆದು, "ಅಗ್ಗದಲ್ಲೇ ಹೋಯ್ತು ಬಿಡಿ," ಅಂದರು. ಸುಳ್ಳಲ್ಲ. ಅದೇ ಸಾಲಿನ ಇನ್ನೊಂದು ಮನೆಯಿಂದ ಆ ಜ್ವರ ಯಜಮಾನನನ್ನೇ ಎತ್ತಿಕೊಂಡು ಹೋಗಿತ್ತು.

ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮರದ ಮೆಟ್ಟಿಲು. ಅಲ್ಲಿ ಹೊಲಿಯುತ್ತಿದ್ದುದು ಕೋಟು ಒಂದೇ. ಪೈಜಾಮ ಹೊಲಿದು ಕೊಡಿ ಎಂದು ಬಂದವರನ್ನು ಮಾಸ್ಟರು ಚಿನ್ನದಂಗಡಿಗೆ ಬಂದು ಉಪ್ಪು ಕೇಳಿದವರನ್ನು ನೋಡುವ ಹಾಗೆ ನೋಡುತ್ತಿದ್ದರು. ಮಾಸ್ಟರು ಅಂದರೆ ಮನೆಯ ಯಜಮಾನರು, ಬಟ್ಟೆ ಕತ್ತರಿಸುವವರು. ಕಿಟಕಿಯ ಬೆಳಕು ಬೀಳುವ ಕಡೆ ಅವರ ಮೇಜು, ಮೇಜಿನ ಮೇಲೆ ಮೊಳದುದ್ದದ ಕತ್ತರಿ. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಅವರ ಹೆಂಡತಿ, ಎಂದರೆ ನಮ್ಮ ಈ ಅತ್ತೆ, ಗಲ್ಲಾ ನೋಡುವವರು. ಮಗನ ಪಾಲಿಗೆ ಇಸ್ತ್ರಿ, ಆರ್ಡರು ಹಿಡಿಯುವುದು ಮತ್ತು ಮಾತು. ಸೊಸೆ ಹಿಂದಿನ ಗೋಡೆಗೆ ಒತ್ತಿ ಕೂತು ಗುಂಡಿ ಹಚ್ಚುತ್ತಿದ್ದಳು, ಅಂಚು ಹೊಲಿಯುತ್ತಿದ್ದಳು.

ಸೊಸೆಗೆ ಆಸೆಯಿದ್ದದ್ದು ಆ ಕತ್ತರಿಯ ಮೇಲೆ. ಮದುವೆಯಾಗಿ ಬಂದ ಹೊಸದರಲ್ಲೇ ಬಾಯಿಬಿಟ್ಟು ಕೇಳಿದ್ದಳು: "ಮಾವ, ನಂಗೆ ಕತ್ತರಿಸೋದು ಕಲಿಸ್ತೀರಾ?" ಮಾಸ್ಟರು ನಕ್ಕಿದ್ದರು. "ಮೊದಲು ಕೈ ಚುರುಕಾಗ್ಲಿ ತಾಯಿ. ನೀನು ಒಂದು ಗುಂಡಿ ಹಚ್ಚೋ ಹೊತ್ತಿಗೆ ಗುಂಡಿ ಫ್ಯಾಕ್ಟರಿಯವನು ಮುದುಕ ಆಗಿರ್ತಾನೆ." ಅವಳ ಹೊಲಿಗೆ ಚೆನ್ನಾಗಿತ್ತು, ಆದರೆ ನಿಧಾನ. ಗಂಡ ಅವಳಿಗೆ ನಿಧಾನಮ್ಮ ಎಂದು ಹೆಸರಿಟ್ಟ. ಆ ಹೆಸರು ಗಿರಾಕಿಗಳ ಬಾಯಿಗೂ ಬಂದಿತ್ತು. ಅವಳು ನಗುತ್ತಿದ್ದಳು. ಒಳಗೆ ನಗುತ್ತಿರಲಿಲ್ಲ ಎಂಬುದು ಅತ್ತೆಗೆ ಗೊತ್ತಿತ್ತು.

ಜ್ವರ ಹೋಗಿ ಒಂದೆರಡು ತಿಂಗಳಾಗಿರಬೇಕು. ನಿಧಾನಮ್ಮನ ಕಾಲಿಗೆ ಚಕ್ರ ಬಂತು.

ಮನೆಯವರು ಹಾಸಿಗೆಯಲ್ಲಿ ಇರುವಾಗಲೇ ಕೆಳಗಿನಿಂದ ಮಷೀನಿನ ಸದ್ದು ಬರತೊಡಗಿತು. ಎದ್ದು ಬಂದು ನೋಡಿದರೆ ಗುಂಡಿ ಹಚ್ಚಿದ ಕೋಟುಗಳು ಸಾಲಾಗಿ ತೂಗುತ್ತಿದ್ದವು, ಅವಳು ಕೇಳದೆಯೇ ತೋಳು ಜೋಡಿಸುವ ಕೆಲಸಕ್ಕೂ ಕೈ ಹಾಕಿದ್ದಳು. ಊಟಕ್ಕೆ ಕೂತರೆ ತುತ್ತು ನುಂಗುವ ಮೊದಲೇ ಏಳುತ್ತಿದ್ದಳು. ಕೂತಲ್ಲಿ ಕಾಲು ಕುಣಿಯುತ್ತಿತ್ತು. ಮಾತು ಒಂದರ ಮೇಲೊಂದು ಬೀಳುತ್ತಿತ್ತು.

"ಇವಳಿಗೆ ಏನು ಕುಡಿಸಿದ್ಯೋ?" ಎಂದು ಮಾಸ್ಟರು ಮಗನನ್ನು ಕೇಳಿದರು.

"ನಾನೇನೂ ಕುಡಿಸಿಲ್ಲಪ್ಪ. ನನ್ನ ಟೀನೂ ಅವಳೇ ಕುಡೀತಾಳೆ."

ಜಗಳವೆಂದರೆ ಫ್ಯಾನಿನದು. ಚಳಿಗಾಲ, ಬಾಗಿಲ ಸಂದಿಯಲ್ಲಿ ಗಾಳಿ ಚಾಕುವಿನಂತೆ ನುಗ್ಗುತ್ತಿತ್ತು. ಸೊಸೆ ಫ್ಯಾನು ಹಾಕುತ್ತಿದ್ದಳು. ಮೇಜಿನ ಮೇಲೆ ಮಾಸ್ಟರು ಹರಡಿಟ್ಟ ಕಾಗದದ ನಮೂನೆಗಳು, ಇದು ಬೆನ್ನು, ಇದು ಎದೆ, ಇದು ಕಾಲರು, ಎಲ್ಲ ಎದ್ದು ಅಂಗಡಿ ತುಂಬ ಹಾರಾಡುತ್ತಿದ್ದವು.

"ಯಾರದು ಫ್ಯಾನು ಹಾಕಿದ್ದು?"

"ನಾನೇ ಮಾವ. ಸೆಕೆ."

"ಸೆಕೇನಾ? ನನ್ನ ಹಲ್ಲು ಕಟಕಟ ಅಂತಿದೆ ಕಣಮ್ಮ! ಒಂದು ತೋಳು ರಸ್ತೆಗೆ ಹೋಯ್ತು ನೋಡು!"

"ಕೆಲಸ ಮಾಡೋರಿಗೆ ಸೆಕೆ ಆಗತ್ತೆ," ಎಂದು ಸೊಸೆ ತಲೆ ಎತ್ತದೆ ಹೇಳಿದಳು. ಹಿಂದಿನ ನಿಧಾನಮ್ಮ ಮಾವನಿಗೆ ಹಾಗೆ ಮಾತು ತಿರುಗಿಸಿದವಳಲ್ಲ. ಅತ್ತೆ ಗಲ್ಲಾದಿಂದ ಕತ್ತೆತ್ತಿ ನೋಡಿದರು. ಮಾಸ್ಟರು ಮಾತ್ರ ಕೋಪ ಮಾಡಿಕೊಳ್ಳಲಿಲ್ಲ, ನಕ್ಕು ನಮೂನೆಗಳ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟರು. ಹಾಲು ಕೊಡುವ ಹಸು ಒದ್ದರೂ ಸಹಿಸಬೇಕು.

ಇದೇ ಹೊತ್ತಿಗೆ ರೈಲು ನಿಲ್ದಾಣದ ಎದುರಿಗೆ ಹೊಸ ಹೋಟೆಲೊಂದು ಏಳುತ್ತಿತ್ತು. ಬಾಗಿಲು ಕಾಯುವವರಿಂದ ಹಿಡಿದು ಮುಂದಿನ ಕೌಂಟರಿನ ಹುಡುಗಿಯರವರೆಗೆ ಎಲ್ಲರಿಗೂ ಕೋಟು ಬೇಕಿತ್ತು. ಮಗ ಹೋಗಿ ಮ್ಯಾನೇಜರನ ಮುಂದೆ ಬಾಯಿಗೆ ಬಂದ ತಾರೀಖು ಹೇಳಿದ. "ನಮ್ಮನೇಲಿ ಒಬ್ಬಳು ಇದಾಳೆ ಸಾರ್, ಕೈಯಲ್ಲ ಅದು, ಮೋಟರು," ಅಂದ. ಬಟ್ಟೆಯ ಥಾನುಗಳನ್ನು ಹೋಟೆಲಿನವರೇ ಕಳಿಸಿದರು. ಕಡು ನೀಲಿ, ಮುಟ್ಟಿದರೆ ಬೆರಳು ಜಾರುವಂಥದ್ದು. ಆ ಊರಿನಲ್ಲಿ ಸಿಗುವ ಬಟ್ಟೆಯಲ್ಲ.

ತಾರೀಖು ಕೇಳಿ ಮಾಸ್ಟರು ಕತ್ತರಿ ಕೆಳಗಿಟ್ಟರು. "ಮಾತು ಆಡಿದ್ರೆ ಹೋಯ್ತು ಅಂತಾರಲ್ಲ, ನೀನು ಅಂಗಡೀನೇ ಆಡಿಬಿಟ್ಯಲ್ಲೋ."

"ಅಪ್ಪ, ಇವಳು ಇದಾಳಲ್ಲ."

ಮಾಸ್ಟರು ಸೊಸೆಯ ಕಡೆ ತಿರುಗಿದರು. ಅವಳ ಕಣ್ಣು ಹೊಳೆಯುತ್ತಿತ್ತು, ಸ್ವಲ್ಪ ಹೆಚ್ಚೇ ಹೊಳೆಯುತ್ತಿತ್ತು. "ಆಗತ್ತೇನಮ್ಮ?"

"ಆಗತ್ತೆ ಮಾವ. ಆದ್ರೆ ಒಂದು ಮಾತು."

"ಹೇಳು."

"ಮುಗಿಸಿ ಕೊಟ್ಟ ದಿವಸ ಕತ್ತರಿ ನಂಗೆ ಕೊಡ್ಬೇಕು."

ಮಾಸ್ಟರರ ಕಣ್ಣು ಮೇಜಿನ ಮೇಲಿನ ಕತ್ತರಿಯ ಕಡೆ ಹೋಯಿತು. "ಕೊಡ್ತೀನಿ," ಅಂದರು ಮಾಸ್ಟರು.

ಅಂದಿನಿಂದ ಅವಳು ನಿಂತಲ್ಲಿ ನಿಲ್ಲಲಿಲ್ಲ. ತಿನ್ನುತ್ತಿದ್ದುದು ಇಬ್ಬರ ಊಟ, ಮೈ ಮಾತ್ರ ಇಳಿಯುತ್ತಲೇ ಹೋಯಿತು. ಬೇರೆಯವರ ಮನೆಯಾಗಿದ್ದರೆ ಅವಳ ಅಂಗಿ ಹೆಗಲಿನಿಂದ ಜೋತದ್ದನ್ನು ಕಂಡು ನೆರೆಯವರಾದರೂ ಕೇಳುತ್ತಿದ್ದರು. ಇದು ದರ್ಜಿಯ ಮನೆ. ಇಲ್ಲಿ ಜೋಲುವ ಅಂಗಿ ಎಂದರೆ ಕಾಯಿಲೆಯ ಗುರುತಲ್ಲ, ಅಂಗಡಿಗೆ ಅವಮಾನ. ಅಂಗಿ ಸಡಿಲವಾದಾಗೆಲ್ಲ ಅವಳೇ ಒಳಮಗ್ಗುಲು ತಿರುವಿ ಪಕ್ಕಕ್ಕೆ ಒಂದು ಹೊಲಿಗೆ ಹಾಕುತ್ತಿದ್ದಳು. ಲಂಗದ ಸೊಂಟಕ್ಕೆ ಅತ್ತೆಯೇ ಗುಂಡುಸೂಜಿ ಚುಚ್ಚಿಕೊಟ್ಟರು. ಬಟ್ಟೆ ಯಾವಾಗಲೂ ಮೈಗೆ ಅಚ್ಚು ಹೊಯ್ದಂತೆ ಕೂರುತ್ತಿದ್ದುದರಿಂದ, ಅದರ ಒಳಗಿನ ಮೈ ಕರಗಿದ್ದು ಕಾಣಲಿಲ್ಲ. ಊರಿನವರ ಮೈಗೆಲ್ಲ ಕೋಟು ಹೊಲಿದು ಬದುಕಿದ ಮನೆ, ತನ್ನ ಕಣ್ಣಿಗೆ ತಾನೇ ಪರದೆ ಹೊಲಿದುಕೊಂಡಿತ್ತು.

ಆದರೂ ಅತ್ತೆಗೆ ನೆಮ್ಮದಿ ಇರಲಿಲ್ಲ. ಬಾಬಿನ್ನಿನ ದಾರ ತುಂಡಾಯಿತೆಂದು ಸೊಸೆ ಒಂದು ದಿನ ಮಗುವಿನಂತೆ ಅತ್ತಳು. ಇನ್ನೊಂದು ದಿನ, ಕೋಟಿನ ಜೇಬು ಓರೆ ಅಂದ ಗಿರಾಕಿಗೆ, "ನಿಮ್ಮ ಹೊಟ್ಟೆ ಓರೆ, ಜೇಬಲ್ಲ," ಅಂದುಬಿಟ್ಟಳು. ಗಿರಾಕಿ ನಕ್ಕ, ಪುಣ್ಯ. ಅತ್ತೆ ನೋಡಿದ್ದು ಬೇರೆಯದನ್ನು. ಅಷ್ಟು ಚುರುಕಾದ ಹುಡುಗಿ ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುತ್ತಿದ್ದಳು. ಕಟಕಟೆ ಹಿಡಿದು, ಬಾಯಿ ತೆರೆದು ಉಸಿರು ತೆಗೆದುಕೊಂಡು, ಯಾರಾದರೂ ನೋಡಿದರೇನೋ ಎಂದು ಕೆಳಗೆ ಇಣುಕಿ, ಮತ್ತೆ ಹತ್ತುತ್ತಿದ್ದಳು.

"ಏನಾದ್ರೂ ಆಗ್ತಿದ್ಯೇನೇ?" ಎಂದು ಕೇಳಿದರೆ, "ಏನಿಲ್ಲ ಅತ್ತೆ, ಅವಸರ," ಎನ್ನುತ್ತಿದ್ದಳು. ಅವಸರಕ್ಕೆ ಔಷಧಿ ಇದೆಯೆಂದು ಅತ್ತೆ ಆವರೆಗೆ ಕೇಳಿರಲಿಲ್ಲ.

ಗಂಡಸರ ಕೋಟುಗಳು ಅರ್ಧ ಮುಗಿದವು. ಕೌಂಟರಿನ ಹುಡುಗಿಯರ ಕೋಟಿಗೆ ಒಂದು ಮಾದರಿ ಹೊಲಿದು ಮ್ಯಾನೇಜರನಿಗೆ ತೋರಿಸಬೇಕಿತ್ತು. ಹುಡುಗಿಯರು ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. "ನಡುವಿನ ಅಳತೆಗೆ ಹೊಲೀರಿ ಸಾಕು," ಅಂದಿದ್ದ ಮ್ಯಾನೇಜರ. ನಡುವಿನ ಅಳತೆ ಎಂದರೆ ಮಾಸ್ಟರರಿಗೆ ಸೊಸೆ. ಮದುವೆಗೆಂದು ಅವಳಿಗೊಂದು ಕೋಟು ಹೊಲಿದುಕೊಟ್ಟಾಗ ತೆಗೆದ ಅವಳ ಅಳತೆ ಅವರಿಗೆ ಬಾಯಿಪಾಠ. ಟೇಪು ಮುಟ್ಟದೆ ಕತ್ತರಿಸಿದರು, ಕಚ್ಚಾ ಹೊಲಿಗೆ ಹಾಕಿಸಿದರು, ಅವಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ತೊಡಿಸಿದರು.

ಕೋಟು ಗೂಟಕ್ಕೆ ಸಿಕ್ಕಿಸಿದ ಹಾಗೆ ಜೋತಿತು. ಮಾಸ್ಟರು ಮೇಲಿನ ಗುಂಡಿ ಹಾಕಲು ಹೋದರು. ಕಾಲರು ಕೂಡಲಿಲ್ಲ. ಮತ್ತೆ ಎಳೆದರು. ಕೂಡಲಿಲ್ಲ.

ಮಾಸ್ಟರು ಮೇಜಿಗೆ ಒರಗಿ ನಿಂತರು. "ಮುಗೀತು ಕಣೇ," ಅಂದರು ಹೆಂಡತಿಗೆ. "ನನ್ನ ಕೈ ಹೋಯ್ತು. ಎದೆ ದೊಡ್ಡದಾಗಿ ಕತ್ತರಿಸಿದೀನಿ, ಕೊರಳು ಚಿಕ್ಕದಾಗಿ ಕತ್ತರಿಸಿದೀನಿ. ಕಲಿಯೋ ಹುಡುಗನೂ ಮಾಡದ ತಪ್ಪು."

"ಸುಮ್ನಿರಿ. ಆ ಟೇಪು ಕೊಡಿ ಇಲ್ಲಿ."

ಅತ್ತೆ ಗಲ್ಲಾ ಬಿಟ್ಟು ಎದ್ದು ಬಂದರು. ಗಂಡನ ಹೆಗಲ ಮೇಲಿಂದ ಟೇಪು ಎಳೆದುಕೊಂಡು ಸೊಸೆಯ ಎದೆ ಅಳೆದರು, ಸೊಂಟ ಅಳೆದರು, ತೋಳಿನ ದಪ್ಪ ಅಳೆದರು. ಒಂದೊಂದನ್ನೂ ಗಟ್ಟಿಯಾಗಿ ಹೇಳಿದರು. ಒಂದೊಂದು ಹೇಳಿದಾಗಲೂ ಮಾಸ್ಟರು, "ಅಷ್ಟೇನಾ?" ಅಂದರು. ಎಲ್ಲವೂ ಇಳಿದಿತ್ತು. ಕೊನೆಗೆ ಕೊರಳಿಗೆ ಸುತ್ತಿದರು. ಅದೊಂದು ಏರಿತ್ತು.

"ಮೈಯೆಲ್ಲ ಇಳಿದ ಮೇಲೆ ಕೊರಳೂ ಇಳೀಬೇಕಲ್ವಾ?" ಅಂದರು ಅತ್ತೆ. ಕೋಟು ತೆಗೆಸಿ, ಸೊಸೆಯ ಗದ್ದ ಎತ್ತಿ, ಬೆಳಕಿಗೆ ತಿರುಗಿಸಿದರು. ಕೊರಳಿನ ಬುಡದಲ್ಲಿ ಮೆತ್ತನೆ ಉಬ್ಬು. ಮಣಿಕಟ್ಟು ಹಿಡಿದರು. ಅಲ್ಲಿ ನಾಡಿ ಹೊಡೆಯುತ್ತಿರಲಿಲ್ಲ, ಓಡುತ್ತಿತ್ತು. "ನಡಿ, ಡಾಕ್ಟರ ಹತ್ರ."

"ಈಗಲಾ? ಅತ್ತೆ, ತೋಳುಗಳು ಹಾಗೇ ಬಿದ್ದಿವೆ. ಆರ್ಡರು ಮುಗೀಲಿ."

"ಆರ್ಡರು ಮುಗಿಯೋದ್ರೊಳಗೆ ನೀನು ಮುಗೀತೀಯ. ನಡಿ ಅಂದ್ರೆ ನಡಿ. ಇಲ್ಲಾಂದ್ರೆ ಶಟರು ಎಳೆದು ಬೀಗ ಹಾಕ್ತೀನಿ, ನಿಮ್ಮಾವ ಒಳಗಿದ್ರೂ ಸರಿಯೇ."

ಬೀದಿಯ ಮೂಲೆಯ ಕ್ಲಿನಿಕ್ಕಿನ ಡಾಕ್ಟರಮ್ಮ ಜ್ವರದಲ್ಲಿ ಇವರನ್ನೆಲ್ಲ ನೋಡಿದವರೇ. ಬಾಗಿಲಲ್ಲಿ ಸೊಸೆ ಕಾಣುತ್ತಲೇ ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಕೂರಿಸಿದರು, ಎರಡೂ ಕೈ ಮುಂದೆ ಚಾಚಲು ಹೇಳಿ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಸಣ್ಣಗೆ ನಡುಗಿತು. ನೀರು ಕುಡಿಸಿ, ಕೊರಳಿನ ಉಬ್ಬು ಮೇಲೆ ಕೆಳಗೆ ಆಡುವುದನ್ನು ನೋಡಿದರು. ರಕ್ತ ತೆಗೆದು ಕಳಿಸಿದರು. ವರದಿ ಬಂದ ದಿನ ಎಲ್ಲರನ್ನೂ ಕರೆಸಿದರು.

"ಇದು ಥೈರಾಯ್ಡಿನ ಕಾಯಿಲೆ. ಆ ಜ್ವರದ ಬೆನ್ನಿಗೇ ಬಂದಿರಬಹುದು."

"ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದಂತೆ," ಎಂದು ಅತ್ತೆ ಗೊಣಗಿದರು. "ಜ್ವರ ಹೋಗಿ ಎಷ್ಟು ದಿವಸ ಆಯ್ತು ಡಾಕ್ಟರೇ! ಇನ್ನೂ ಒಳಗಿದ್ಯಾ?"

"ವೈರಸ್ಸು ಹೋಗಿದೆ. ಅದನ್ನ ಓಡಿಸೋಕೆ ಮೈ ಮಾಡ್ಕೊಂಡ ಏರ್ಪಾಡು ಹೋಗಿಲ್ಲ." ಡಾಕ್ಟರಮ್ಮ ಮಾಸ್ಟರರ ಹೆಗಲ ಟೇಪು ನೋಡಿದರು. "ನಿಮಗೆ ನಿಮ್ಮ ಕೆಲಸದಲ್ಲೇ ಹೇಳ್ತೀನಿ. ವೈರಸ್ಸು ಒಳಗೆ ಬಂದಾಗ ಮೈ ಅದರ ಅಳತೆ ತಗೊಂಡು, ಅದಕ್ಕೆ ಸರಿಯಾಗಿ ಕೂರೋ ಒಂದು ಅಂಗಿ ಹೊಲಿಯತ್ತೆ ಅನ್ಕೊಳ್ಳಿ. ಕೈಕಾಲು ಕಟ್ಟೋ ಅಂಗಿ. ಕೆಲವರಲ್ಲಿ ಆ ಗಡಿಬಿಡೀಲಿ ತಪ್ಪಾಗತ್ತೆ. ಅದೇ ಮೈಯಿನ ಯಾವುದೋ ಭಾಗಕ್ಕೂ ಹೊಂದೋ ಅಂಗಿ ತಯಾರಾಗಿಬಿಡತ್ತೆ."

"ಒಬ್ಬರಿಗೆ ಹೊಲಿದದ್ದು ಇನ್ನೊಬ್ಬರ ಮೈಗೂ ಕೂತ ಹಾಗೆ," ಅಂದರು ಮಾಸ್ಟರು.

"ಹಾಗೇ. ಇವರಲ್ಲಿ ಅದು ಗಂಟಲಿನ ಗ್ರಂಥಿ ಮೇಲೆ ಕೂತಿದೆ. ಆ ಗ್ರಂಥಿ ಅಂದ್ರೆ ಮೈಯಿನ ವೇಗ ನೋಡ್ಕೊಳ್ಳೋದು. ಅದನ್ನ ಇದು ಒತ್ತಿ ಹಿಡಿದಿದೆ. ಮಷೀನಿನ ಪೆಡಲ್ಲಿನ ಮೇಲಿಂದ ಕಾಲು ತೆಗೀದೇ ಇದ್ರೆ ಏನಾಗತ್ತೆ?"

"ಸೂಜಿ ಮುರಿಯತ್ತೆ," ಅಂದಳು ಸೊಸೆ. ಅವಳು ಬಾಯಿಬಿಟ್ಟದ್ದು ಅದೇ ಮೊದಲು.

ಅತ್ತೆ ನಿಟ್ಟುಸಿರು ಬಿಟ್ಟರು. "ಬೇಲೀನೇ ಎದ್ದು ಹೊಲ ಮೇಯ್ದ ಹಾಗಾಯ್ತು. ನಮಗೆಲ್ಲ ಅದೇ ಜ್ವರ ಬಂತಲ್ಲ, ಇವಳಿಗೊಬ್ಬಳಿಗೆ ಯಾಕೆ?"

"ಮೈಯಲ್ಲಿ ಮೊದಲೇ ಒಲವು ಇರತ್ತೆ, ಹುಟ್ಟಿನಿಂದ. ಜ್ವರ ಅದನ್ನ ತಟ್ಟಿ ಎಬ್ಬಿಸತ್ತೆ ಅಂತ ಲೆಕ್ಕ. ಜ್ವರವೇ ಕಾರಣ ಅಂತ ಆಣೆ ಮಾಡು ಅಂದ್ರೆ ನಾನು ಮಾಡಲ್ಲ. ಜ್ವರ ಇಲ್ಲದೆಯೂ ಬರೋದಿದೆ. ನಿಮ್ಮ ತವರಿನ ಕಡೆ ಯಾರಿಗಾದ್ರೂ ಇತ್ತಾ?"

ಸೊಸೆ ಯೋಚಿಸಿದಳು. ಅವಳಿಗೊಬ್ಬಳು ಸೋದರತ್ತೆ ಇದ್ದಳು. ಒಣಕಲು ಹೆಂಗಸು, ಕಣ್ಣು ಮುಂದಕ್ಕೆ ಬಂದು, ಮಾತೆತ್ತಿದರೆ ಜಗಳ. ಮನೆಯವರು ಅವಳನ್ನು ಕೆಂಡ ಎಂದು ಕರೆಯುತ್ತಿದ್ದರು. ವಯಸ್ಸಿರುವಾಗಲೇ ಎದೆ ನಿಂತು ಸತ್ತಳು. ಕೋಪದಿಂದ ಸತ್ತಳು ಎಂದು ಎಲ್ಲರೂ ಹೇಳಿದ್ದರು.

ಡಾಕ್ಟರಮ್ಮ ಎರಡು ಬಗೆಯ ಮಾತ್ರೆ ಬರೆದರು. "ಒಂದು ಎದೆ ಬಡಿತ ಹಿಡಿಯೋಕೆ, ಒಂದು ಗ್ರಂಥಿ ಹಿಡಿಯೋಕೆ. ತಪ್ಪಿಸಬಾರದು. ಎದೆ ಹೀಗೇ ಓಡಿದ್ರೆ ತಾಳ ತಪ್ಪತ್ತೆ, ಆಮೇಲೆ ಕಷ್ಟ. ಕೆಲವು ವಾರ ಹೋಗ್ಲಿ, ಸೆಕೆ ಕಮ್ಮಿ ಆಗತ್ತೆ, ನಿದ್ದೆ ಬರತ್ತೆ, ಮೊದಲಿನ ಹಾಗೆ ನಿಧಾನ ಆಗ್ತೀರಿ."

ಕೊನೆಯ ಮಾತನ್ನು ಅವರು ಸಮಾಧಾನಕ್ಕೆ ಹೇಳಿದ್ದು. ಸೊಸೆಯ ಕಿವಿಗೆ ಅದು ಶಿಕ್ಷೆಯಂತೆ ಬಿತ್ತು.

ಮಾತ್ರೆ ತಂದರು. ಸೊಸೆ ಮೊದಲಿನಷ್ಟೇ ಓಡುತ್ತಿದ್ದಳು. ಮಾಸ್ಟರು ಕೆಲಸ ಸ್ವಲ್ಪ ತಗ್ಗಿಸು ಎಂದರೆ, "ಮಾತ್ರೆ ಇದೆಯಲ್ಲ ಮಾವ," ಎನ್ನುತ್ತಿದ್ದಳು. ವಾರಗಳು ಹೋದವು. ಗಂಡಸರ ಕೋಟುಗಳು ಮುಗಿದು ಮೂಲೆಯಲ್ಲಿ ನೀಲಿ ಗುಡ್ಡವಾದವು. ತಾರೀಖು ಹತ್ತಿರ ಬಂತು. ಮಾಸ್ಟರರ ಕೆಮ್ಮು ಚಳಿಗೆ ಮರುಕಳಿಸಿತು. ಕತ್ತರಿ ಹಿಡಿದರೆ ಕೆಮ್ಮಿಗೆ ಕೈ ಅಲುಗುತ್ತಿತ್ತು. ಹುಡುಗಿಯರ ಕೋಟಿನ ತೋಳುಗಳನ್ನು ಇನ್ನೂ ಕತ್ತರಿಸಿರಲಿಲ್ಲ.

ಒಂದು ಬೆಳಗ್ಗೆ ಮಾಸ್ಟರು ಮೇಜಿನಿಂದ ಹಿಂದೆ ಸರಿದರು. "ಹೇಗೂ ನಾಲ್ಕು ದಿವಸ ಕಳೆದ್ರೆ ಕತ್ತರಿ ನಿಂದೇ. ಬಾ ತಾಯಿ, ತೋಳು ನೀನೇ ಕತ್ತರಿಸು. ಗೆರೆ ನಾನು ಹಾಕಿದೀನಿ, ಗೆರೆ ಮೇಲೆ ಹೋದ್ರೆ ಸಾಕು."

ಸೊಸೆ ಕೈ ತೊಳೆದು, ಒರೆಸಿ, ಮತ್ತೆ ಒರೆಸಿ ಬಂದಳು. ಅಂಗೈ ಬೆವರುತ್ತಿತ್ತು. ಬಟ್ಟೆಯನ್ನು ಮಡಿಕೆ ಮೇಲೆ ಮಡಿಕೆ ಹಾಸಿಟ್ಟಿದ್ದರು. ಒಂದು ಸಲ ಕತ್ತರಿಸಿದರೆ ಎಲ್ಲ ತೋಳುಗಳೂ ಬರುವ ಹಾಗೆ. ಕತ್ತರಿ ಅವಳೆಣಿಸಿದ್ದಕ್ಕಿಂತ ಭಾರವಾಗಿತ್ತು. ಮೊದಲ ಗೇಣು ಗೆರೆಯ ಮೇಲೆ ಹೋಯಿತು. ಮಾಸ್ಟರು, "ಹಾಂ, ಹಾಗೇ, ಉಸಿರು ಬಿಡು," ಅಂದರು. ತೋಳಿನ ಬಾಗು ಬಂತು. ಅಲ್ಲಿ ಕತ್ತರಿ ಓಡಬಾರದು, ಸಾಗಬೇಕು. ಅವಳ ಕೈ ಓಡಿತು. ನಿಲ್ಲಿಸಲು ನೋಡಿದಳು, ಬೆರಳುಗಳು ಅವಳ ಮಾತು ಕೇಳಲಿಲ್ಲ. ಒಂದು ನಡುಕದಲ್ಲಿ ಕತ್ತರಿ ಗೆರೆ ಬಿಟ್ಟು ಒಳಕ್ಕೆ ನುಗ್ಗಿ, ಎಲ್ಲ ಮಡಿಕೆಗಳನ್ನೂ ಸೀಳಿಕೊಂಡು ನಿಂತಿತು.

ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು.

ಅತ್ತೆ ಬಟ್ಟೆಯ ಕಡೆ ನೋಡಲಿಲ್ಲ, ಫ್ಯಾನಿನ ಕಡೆ ನೋಡಿದರು. ಸೆಕೆ ಕಮ್ಮಿ ಆಗತ್ತೆ ಅಂದಿದ್ದರು ಡಾಕ್ಟರಮ್ಮ. "ಏನೇ," ಅಂದರು, "ಮಾತ್ರೆ ತಗೊಳ್ತಿದ್ಯಾ?"

ಸೊಸೆ ಕತ್ತರಿ ಕೆಳಗಿಟ್ಟು, ಮೇಜಿನ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಉತ್ತರ ಬಂದದ್ದು ಇಸ್ತ್ರಿಯ ಮೂಲೆಯಿಂದ.

"ಆರ್ಡರು ಮುಗಿದ ಮೇಲೆ ಶುರು ಮಾಡೋಣ ಅಂತ... ಇಬ್ಬರೂ ಮಾತಾಡ್ಕೊಂಡ್ವಿ ಅಮ್ಮ. ಒಂದು ತಿಂಗಳಲ್ಲಿ ಏನಾಗತ್ತೆ ಅಂತ."

"ಮಾತಾಡ್ಕೊಂಡ್ರಾ? ನೀನು ಬಾಯಲ್ಲಿ ತಾರೀಖು ಕೊಟ್ಟೆ, ಅವಳು ಎದೆಯಲ್ಲಿ ತೀರಿಸ್ಬೇಕು. ಚೆನ್ನಾಗಿದೆ ಕಣೋ ನಿಮ್ಮ ಮಾತು!"

"ಅವರನ್ನ ಬೈಬೇಡಿ ಅತ್ತೆ. ನಾನೇ ಹೇಳಿದ್ದು." ಸೊಸೆ ಉಸಿರಿಗೆ ತಡಕಾಡುತ್ತ ಮಾತಾಡಿದಳು. "ಮಾತ್ರೆ ನುಂಗಿದ್ರೆ ಮತ್ತೆ ನಿಧಾನಮ್ಮ ಆಗ್ತೀನಿ. ಈ ಮನೆಗೆ ಬಂದ ಮೇಲೆ ಮೊದಲ್ನೇ ಸಲ ನನ್ನ ಕೈ ನೋಡಿ ಕೆಲಸ ಬಂತು. ಅದನ್ನ ನಾನೇ ಹೇಗೆ ಕಳ್ಕೊಳ್ಲಿ?"

"ಅದು ನಿನ್ನ ಕೈಯಲ್ಲ ಮಗಳೇ. ಜ್ವರ ಬಿಟ್ಟು ಹೋದ ಕೈ."

"ಹಾಗಾದ್ರೆ ನನ್ನ ಕೈ ಯಾವುದು ಅತ್ತೆ? ಗುಂಡಿ ಹಚ್ಚೋದಾ?"

ಅತ್ತೆ ಗಲ್ಲಾದಿಂದ ಎದ್ದು ಬಂದರು. ಅವಳ ಪಕ್ಕ ಕೂತು ಮಣಿಕಟ್ಟು ಹಿಡಿದರು. ಈಗ ನಾಡಿ ಓಡುತ್ತಲೂ ಇರಲಿಲ್ಲ. ಎರಡು ಹೆಜ್ಜೆ ಹಾಕಿ ಎಡವಿ, ನಿಂತು, ಮೂರು ಹೆಜ್ಜೆ ಒಟ್ಟಿಗೆ ಹಾರುತ್ತಿತ್ತು. ಮಗ ಇಸ್ತ್ರಿಯ ವೈರು ಕಿತ್ತು, ಗಾಡಿ ತರಲು ಬರಿಗಾಲಲ್ಲಿ ಬೀದಿಗೆ ಓಡಿದ.

ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ ಮಲಗಿಸಿದರು. ಪಕ್ಕದ ಪೆಟ್ಟಿಗೆಯಲ್ಲಿ ಹಸಿರು ಗೆರೆ ಕುಣಿಯುತ್ತಿತ್ತು. ಸೊಸೆ ಅದನ್ನೇ ನೋಡುತ್ತಿದ್ದಳು. ಕೆಟ್ಟ ಹೊಲಿಗೆಯ ಹಾಗಿತ್ತು, ಒಂದು ಟಾಕು ಹತ್ತಿರ, ಒಂದು ದೂರ. ಅಂಥ ಹೊಲಿಗೆಯನ್ನು ಅವಳು ಎಂದೂ ಬಿಟ್ಟವಳಲ್ಲ, ಬಿಚ್ಚಿ ಮತ್ತೆ ಹಾಕುವವಳು. ನರ್ಸು ಮಾತ್ರೆ ತಂದಾಗ ಕೈ ಚಾಚಿ ತಾನೇ ತೆಗೆದುಕೊಂಡಳು. "ನೀರು ಜಾಸ್ತಿ ಕೊಡಿ," ಅಂದಳು.

ಹೋಟೆಲಿಗೆ ಅತ್ತೆಯೇ ಹೋದರು. ಮಗ ಬರುತ್ತೇನೆಂದರೆ, "ನಿನ್ನ ಬಾಯಿ ಮನೇಲಿರ್ಲಿ," ಅಂದು ಬಿಟ್ಟುಹೋದರು. ಮ್ಯಾನೇಜರ ಏಣಿಗಳ ನಡುವೆ, ಒಣಗದ ಬಣ್ಣದ ವಾಸನೆಯಲ್ಲಿ ನಿಂತಿದ್ದ.

"ಗಂಡಸರ ಕೋಟು ಎಲ್ಲ ಆಗಿದೆ, ಸಂಜೆ ಕಳಿಸ್ತೀವಿ. ಹೆಂಗಸರ ಕೋಟು ಆಗಲ್ಲ. ಬಟ್ಟೇಲಿ ಒಂದು ಪಾಲು ನಮ್ಮ ಕೈಯಲ್ಲಿ ಹಾಳಾಯ್ತು, ಅದರ ಬೆಲೆ ಮುರ್ಕೊಳ್ಳಿ. ಉಳಿದದ್ದು ಎದುರು ಬೀದಿ ದರ್ಜಿಗೆ ಕೊಡಿ, ಚೆನ್ನಾಗೇ ಹೊಲೀತಾನೆ."

"ಏನಮ್ಮ, ನಿಮ್ಮ ಮಗ ಮನೇಲಿ ಮೋಟರು ಇದೆ ಅಂದಿದ್ರು!"

"ಮೋಟರಲ್ಲ ಸ್ವಾಮಿ, ಹುಡುಗಿ. ಆಸ್ಪತ್ರೇಲಿದಾಳೆ."

ಮ್ಯಾನೇಜರನಿಗೆ ಕೋಪ ಬಂತು, ಆದರೆ ಅತ್ತೆಯ ಮುಖ ನೋಡಿ ನುಂಗಿಕೊಂಡ. ಮುಂದಿನ ಕೆಲಸ ಕೊಡುತ್ತೇನೆಂದು ಅವನು ಹೇಳಲಿಲ್ಲ, ಅತ್ತೆ ಕೇಳಲೂ ಇಲ್ಲ.

ಸೊಸೆ ಮನೆಗೆ ಬಂದಳು. ಬೇಗ ಏನೂ ಆಗಲಿಲ್ಲ. ಮೊದಲು ಎದೆ ಸುಮ್ಮನಾಯಿತು, ಆಮೇಲೆ ನಿದ್ದೆ ಬಂತು, ಆಮೇಲೆ ಕೈಯ ನಡುಕ ನಿಂತಿತು. ನಡುವೆ ಒಂದು ಸಲ ಮಾತ್ರೆ ಹೆಚ್ಚಾಗಿ, ಹಗಲೆಲ್ಲ ಚಳಿ ಎಂದು ಹೊದ್ದು ಕೂತಳು. ಡಾಕ್ಟರಮ್ಮ ಮತ್ತೆ ರಕ್ತ ನೋಡಿ ಕಮ್ಮಿ ಮಾಡಿದರು. ಒಂದು ದಿನ ಅವಳು ಗೋಡೆಯ ಬದಿಯ ತನ್ನ ಹಳೆಯ ಜಾಗದಲ್ಲಿ ಕೂತು ಗುಂಡಿ ಡಬ್ಬಿ ಎಳೆದುಕೊಂಡಳು. ಮೊದಲಿನಷ್ಟೇ ನಿಧಾನ. ಯಾರೂ ತಮಾಷೆ ಮಾಡಲಿಲ್ಲ. ಅದೇ ಅವಳನ್ನು ಹೆಚ್ಚು ಚುಚ್ಚಿತು.

"ನೀವು ಕೊಟ್ಟ ಮಾತು ಏನಾಯ್ತು?" ಎಂದು ಅತ್ತೆ ಗಂಡನನ್ನು ಕೇಳಿದರು, ಎಲ್ಲರ ಎದುರಿಗೆ.

"ಆರ್ಡರು ಮುಗಿಸಿದ್ರೆ ಕೊಡ್ತೀನಿ ಅಂದಿದ್ದೆ. ಮುಗೀಲಿಲ್ಲ."

"ಓಹೋ. ಓಡೋವಾಗ ಕೊಟ್ಟ ಕತ್ತರಿ, ನಡೆಯೋವಾಗ ಕೊಡೋಕೆ ಆಗಲ್ವಾ? ಹುಷಾರಿಲ್ಲದ ಕೈಗೆ ಕೊಟ್ರಲ್ಲ, ಹುಷಾರಾದ ಕೈಗೆ ಏನು ರೋಗ?"

ಮಾಸ್ಟರು ಕೆಮ್ಮಿದರು. ಕೆಮ್ಮು ವಾಸಿಯಾಗಿತ್ತು, ಇದು ಸುಮ್ಮನೆ ಕೆಮ್ಮಿದ್ದು. ಎದ್ದು ಹೋಗಿ ಅಟ್ಟದಿಂದ ಸೀಳಿದ ನೀಲಿ ಬಟ್ಟೆಯ ಕಟ್ಟು ಇಳಿಸಿ ಮೇಜಿನ ಮೇಲೆ ಬಿಚ್ಚಿದರು. "ಇದು ದುಡ್ಡು ಕೊಟ್ಟು ನಮ್ಮದು ಮಾಡ್ಕೊಂಡ ಬಟ್ಟೆ. ಹೇಗೂ ಹಾಳಾಗಿದೆ, ಇನ್ನು ಹಾಳಾಗೋಕೆ ಏನಿಲ್ಲ. ಬಾ. ಬಾಗು ಕತ್ತರಿಸೋದು ತೋರಿಸ್ತೀನಿ. ಅವತ್ತೇ ತೋರಿಸ್ಬೇಕಿತ್ತು, ಗೆರೆ ಹಾಕಿ ಸುಮ್ನಾದೆ."

ಆ ಮಧ್ಯಾಹ್ನ ಅವಳು ಒಂದೇ ಒಂದು ತೋಳು ಕತ್ತರಿಸಿದಳು. ಬಾಗಿನಲ್ಲಿ ಎರಡು ಸಲ ನಿಲ್ಲಿಸಿದಳು. ಮಾಸ್ಟರರಿಗೆ ತಾಳ್ಮೆ ಕೆಟ್ಟು ಅಂಗಡಿಯ ಹೊರಗೆ ಹೋಗಿ ನಿಂತು ಬಂದರು. ತೋಳು ಸರಿಯಾಗಿ ಬಂದಿರಲಿಲ್ಲ, ಒಂದು ಕಡೆ ಚೂರು ಅಗಲ. ಮಾಸ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೊಂದು ಕತ್ತರಿಸು," ಅಂದರು.

ಹೋದದ್ದು ಇಷ್ಟು: ಹೋಟೆಲಿನ ಕೆಲಸ, ಹಾಳಾದ ಬಟ್ಟೆಯ ಬೆಲೆ, ಬೇಗ ಹೊಲಿದು ಕೊಡುತ್ತಾರೆ ಎಂಬ ಹೆಸರು. ಕಾಯಿಲೆಯಲ್ಲಿ ಮುಂದಕ್ಕೆ ಬಂದಿದ್ದ ಸೊಸೆಯ ಕಣ್ಣುಗಳು ಪೂರ್ತಿ ಹಿಂದಕ್ಕೆ ಹೋಗಲಿಲ್ಲ. ಫೋಟೋ ತೆಗೆಸುವಾಗ ಈಗಲೂ ತಲೆ ತಗ್ಗಿಸುತ್ತಾಳೆ. ಮಾತ್ರೆ ಎಂದು ನಿಲ್ಲುತ್ತದೆಂದು ಡಾಕ್ಟರಮ್ಮ ಹೇಳಿಲ್ಲ. ಉಳಿದದ್ದು ಅವಳ ಜೀವ. ಸಿಕ್ಕಿದ್ದು ತೋಳುಗಳು. ಆ ಅಂಗಡಿಯ ಕೋಟುಗಳಿಗೆ ಈಗ ತೋಳು ಕತ್ತರಿಸುವುದು ಅವಳು, ಬೆನ್ನು ಮತ್ತು ಎದೆ ಇನ್ನೂ ಮಾಸ್ಟರರದೇ.